ಕಲಿಕೆಯ ಮಾನಸಿಕ ಶ್ರಮ ಮತ್ತು ನೇತ್ರಚಲನೆಯ ಮಾಪನ

ಓದುವಾಗ, ಚಿತ್ರ ನೋಡುವಾಗ ಅಥವಾ ಲೆಕ್ಕ ಬಿಡಿಸುವಾಗ ಕಣ್ಣು ಎಲ್ಲಿ ನಿಲ್ಲುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ, ಅದರ ಪಾಪೆ ಎಷ್ಟು ಹಿಗ್ಗುತ್ತದೆ ಎಂಬುದನ್ನು ದಾಖಲಿಸುವ ವಿಧಾನಕ್ಕೆ ನೇತ್ರಚಲನೆಯ ಮಾಪನ ಎಂದು ಹೆಸರು. ರೂಢಿಯಲ್ಲಿ ಇದನ್ನು ಐ ಟ್ರ್ಯಾಕಿಂಗ್ ಎನ್ನುತ್ತಾರೆ. ಕಲಿಯುವವರ ಮನಸ್ಸಿನ ಮೇಲೆ ಬೀಳುವ ಹೊರೆಯನ್ನು ಅಂದಾಜು ಮಾಡಲು ಶಿಕ್ಷಣ ಮನೋವಿಜ್ಞಾನದಲ್ಲಿ ಇದು ಬಳಕೆಯಲ್ಲಿದೆ. ಪರೀಕ್ಷೆಯ ಅಂಕವು ಉತ್ತರ ಸರಿಯೇ ತಪ್ಪೇ ಎಂದಷ್ಟೇ ತಿಳಿಸುತ್ತದೆ. ಒಂದೇ ಅಂಕ ಪಡೆದ ಇಬ್ಬರಲ್ಲಿ ಯಾರು ಹೆಚ್ಚು ತಿಣುಕಿದರು ಎಂಬುದು ಅದರಲ್ಲಿ ಕಾಣದು.

ಹಿನ್ನೆಲೆ

ಓದುವಾಗ ಕಣ್ಣು ಸಾಲಿನ ಮೇಲೆ ಸರಾಗವಾಗಿ ಹರಿಯುವುದಿಲ್ಲ, ಜಿಗಿದು ಜಿಗಿದು ನಿಲ್ಲುತ್ತದೆ ಎಂಬುದು ಫ್ರಾನ್ಸಿನ ನೇತ್ರವೈದ್ಯ ಎಮಿಲ್ ಜವಾಲ್ ಅವರ ಕಾಲದಲ್ಲಿ, 1870ರ ದಶಕದ ಕೊನೆಗೆ, ತಿಳಿದುಬಂದಿತು. ಅಮೆರಿಕದ ಎಡ್ಮಂಡ್ ಹ್ಯೂಯಿ ಇದನ್ನು ದಾಖಲಿಸಲು ಕಣ್ಣನ್ನು ಮರಗಟ್ಟಿಸಿ, ಅದರ ಮೇಲೆ ಜಿಪ್ಸಮ್ಮಿನ ಪುಟ್ಟ ಬಟ್ಟಲನ್ನು ಕೂರಿಸಿ ಕಡ್ಡಿ ಜೋಡಿಸಿದ್ದರು. ರೇಮಂಡ್ ಡಾಜ್ 1901ರಲ್ಲಿ ಛಾಯಾಚಿತ್ರದ ವಿಧಾನವನ್ನು ಪ್ರಕಟಿಸಿದ ಮೇಲೆ ಇಂಥ ಹಿಂಸೆ ತಪ್ಪಿತು.

ಮಾನಸಿಕ ಶ್ರಮದ ಅಳತೆಗೆ ಅಡಿಪಾಯ ಹಾಕಿದ್ದು ಪಾಪೆಯ ಅಧ್ಯಯನ. ಗುಣಾಕಾರದ ಲೆಕ್ಕ ಕಠಿಣವಾದಷ್ಟೂ ಪಾಪೆ ಹೆಚ್ಚು ಹಿಗ್ಗುವುದನ್ನು ಹೆಸ್ ಮತ್ತು ಪೋಲ್ಟ್ 1964ರಲ್ಲಿ ತೋರಿಸಿದರು. ಎರಡು ವರ್ಷಗಳ ನಂತರ ಡೇನಿಯಲ್ ಕಾನಮನ್ ಮತ್ತು ಜ್ಯಾಕ್ಸನ್ ಬೀಟಿ, ಅಂಕಿಗಳನ್ನು ಒಂದೊಂದಾಗಿ ನೆನಪಿಟ್ಟುಕೊಳ್ಳುವಾಗ ಪಾಪೆ ಹಿಗ್ಗುತ್ತಾ ಹೋಗಿ, ಅವನ್ನು ಮರಳಿ ಒಪ್ಪಿಸುವಾಗ ಕುಗ್ಗುತ್ತಾ ಬರುವುದನ್ನು ಅಳೆದರು. ಮನಸ್ಸು ಒಮ್ಮೆಗೆ ಹಿಡಿದಿಡಬಲ್ಲದ್ದು ಸೀಮಿತ, ಪಾಠವನ್ನು ಅದಕ್ಕೆ ಹೊಂದಿಸಬೇಕು ಎಂಬ ಜಾನ್ ಸ್ವೆಲ್ಲರ್ ಅವರ ಮಾನಸಿಕ ಹೊರೆಯ ಸಿದ್ಧಾಂತ 1988ರದು.

ವಿಧಾನ ಮತ್ತು ಮಿತಿಗಳು

ಇಂದಿನ ಉಪಕರಣಗಳು ಕಣ್ಣಿನ ಮೇಲೆ ಅವಕೆಂಪು ಬೆಳಕು ಬೀರಿ, ಪಾಪೆಯನ್ನೂ ಕಣ್ಣಿನ ಹೊರಪದರದಲ್ಲಿ ಮೂಡುವ ಪ್ರತಿಫಲನವನ್ನೂ ಕ್ಯಾಮೆರಾದಲ್ಲಿ ಹಿಡಿಯುತ್ತವೆ. ಇಂಗ್ಲಿಷ್ ಓದುವ ವಯಸ್ಕರಲ್ಲಿ ಒಂದು ನಿಲುಗಡೆಗೆ ಸರಾಸರಿ 200ರಿಂದ 250 ಮಿಲಿಸೆಕೆಂಡು ಹಿಡಿಯುತ್ತದೆ. ಪಠ್ಯ ಕಠಿಣವಾದರೆ ನಿಲುಗಡೆ ದೀರ್ಘವಾಗುತ್ತದೆ, ಕಣ್ಣು ಹಿಂದಿನ ಪದಕ್ಕೆ ಮರಳುವುದೂ ಹೆಚ್ಚುತ್ತದೆ.

ಆದರೆ ದೀರ್ಘ ನೋಟವು ತೊಡಕಿನಿಂದಲೂ ಬರಬಹುದು, ಆಸಕ್ತಿಯಿಂದಲೂ ಬರಬಹುದು. ಶ್ರಮದಿಂದ ಪಾಪೆಯಲ್ಲಿ ಆಗುವ ಬದಲಾವಣೆ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿಗಿಂತ ಕಡಿಮೆ. ಬೆಳಕಿನ ಏರಿಳಿತದಿಂದ ಆಗುವುದು ಅದಕ್ಕಿಂತ ಎಷ್ಟೋ ದೊಡ್ಡದು. ಆದ್ದರಿಂದ ಕೊಠಡಿಯ ಬೆಳಕನ್ನೂ ಪರದೆಯ ಹೊಳಪನ್ನೂ ಸ್ಥಿರವಾಗಿ ಇಡದ ಪ್ರಯೋಗಕ್ಕೆ ಬೆಲೆಯಿಲ್ಲ. ಇನ್ನೊಂದು ಅಂಶ ಅಧ್ಯಾಪಕರ ಗಮನಕ್ಕೆ ವಿಶೇಷವಾಗಿ ಬರಬೇಕಾದದ್ದು. ಹೊರೆಯು ಶಕ್ತಿಯನ್ನು ಮೀರಿ, ಕಲಿಯುವವನು ಪ್ರಯತ್ನವನ್ನೇ ಕೈಬಿಟ್ಟಾಗ ಪಾಪೆ ಮತ್ತೆ ಕುಗ್ಗುತ್ತದೆ. ಪಾಠವು ಸುಲಭವಾದ ಮಗುವೂ, ಪಾಠದಿಂದ ಕೈಚೆಲ್ಲಿದ ಮಗುವೂ ಅಳತೆಯಲ್ಲಿ ಒಂದೇ ರೀತಿ ಕಾಣಬಹುದು. ಹೀಗಾಗಿ ಫ್ರೆಡ್ ಪಾಸ್ 1992ರಲ್ಲಿ ಬಳಸಿದ, ಶ್ರಮವನ್ನು ಕಲಿಯುವವರೇ ಒಂದರಿಂದ ಒಂಬತ್ತರವರೆಗೆ ಗುರುತಿಸುವ ಪಟ್ಟಿ ಇಂದಿಗೂ ಜೊತೆಗೆ ಬೇಕಾಗುತ್ತದೆ. ಮಗುವನ್ನು ಕೇಳಿ ತಿಳಿಯುವುದಕ್ಕೆ ಯಂತ್ರ ಬದಲಿಯಲ್ಲ.

ಕನ್ನಡದ ಓದು

ಇಂಗ್ಲಿಷಿನ ಅಳತೆಗಳನ್ನು ಕನ್ನಡಕ್ಕೆ ನೇರವಾಗಿ ಹೊಂದಿಸಲಾಗದು. ಕನ್ನಡದಲ್ಲಿ ಒತ್ತಕ್ಷರವು ಮೂಲಾಕ್ಷರದ ಕೆಳಗೆ ಬರುತ್ತದೆ. ಅರ್ಕಾವೊತ್ತು ಉಚ್ಚಾರದಲ್ಲಿ ಮೊದಲು ಬಂದರೂ ಬರಹದಲ್ಲಿ ನಂತರ ಬರುತ್ತದೆ. ‘ಮನೆಯಲ್ಲಿರುವವರೆಲ್ಲರಿಗೂ’ ಎಂಬ ಒಂದೇ ಪದ ಇಂಗ್ಲಿಷಿನ ಒಂದು ಪದಗುಚ್ಛಕ್ಕೆ ಸಮ. ಕನ್ನಡ ಕಲಿಯುವ ಮಕ್ಕಳ ಅಕ್ಷರಜ್ಞಾನವು ಪ್ರಾಥಮಿಕ ಶಾಲೆಯ ಹಲವು ತರಗತಿಗಳವರೆಗೆ ಬೆಳೆಯುತ್ತಲೇ ಇರುತ್ತದೆ ಎಂಬುದನ್ನು ಸೋನಾಲಿ ನಾಗ್ ಅವರ 2007ರ ಅಧ್ಯಯನ ತೋರಿಸಿದೆ. ಅದು ಓದಿನ ಪರೀಕ್ಷೆಗಳನ್ನು ಆಧರಿಸಿದ್ದು, ಕಣ್ಣಿನ ಅಳತೆಯನ್ನಲ್ಲ. ಆದರೂ ಮೂರನೆಯ ತರಗತಿಯ ಮಗು ‘ಸೂರ್ಯ’ ಎಂಬಲ್ಲಿ ನಿಂತರೆ ಅದನ್ನು ಮಂದಬುದ್ಧಿ ಎಂದು ಎಣಿಸಬಾರದು ಎನ್ನಲು ಅಷ್ಟು ಸಾಕು.

ಬೆಂಗಳೂರಿನಲ್ಲಿ

ನಗರದಲ್ಲಿ ಈ ವಿಧಾನ ಶಾಲೆಗಿಂತ ಹೆಚ್ಚಾಗಿ ವಿಮಾನದಲ್ಲಿ ಬೆಳೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರದೀಪ್ತ ಬಿಸ್ವಾಸ್ ಮತ್ತು ಸಹೋದ್ಯೋಗಿಗಳು ವಿಮಾನಚಾಲಕರ ಮಾನಸಿಕ ಹೊರೆಯನ್ನು ಕಣ್ಣಿನ ಅಳತೆಗಳಿಂದ ಅಂದಾಜು ಮಾಡುವ ಅಧ್ಯಯನವನ್ನು 2019ರಲ್ಲಿ ಪ್ರಕಟಿಸಿದರು. ಅಣಕು ಹಾರಾಟದ ಜೊತೆಗೆ ನಿಜವಾದ ಹಾರಾಟದಲ್ಲಿಯೂ ಅವರು ಅಳತೆ ನಡೆಸಿದ್ದರು. ನುರಿತ ವಯಸ್ಕರಿಗೆ ಹೊಂದಿದ ಇಂಥ ಅಳತೆಯನ್ನು ಎಳೆಯ ಕಲಿಕೆದಾರರಿಗೆ ಬಳಸುವ ಮುನ್ನ ಅವರಲ್ಲೇ ಬೇರೆಯಾಗಿ ಪರೀಕ್ಷಿಸಬೇಕಾಗುತ್ತದೆ.

ಕಾನೂನಿನ ಅಂಶ

ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷ ತುಂಬದವರ ಮಾಹಿತಿಯನ್ನು ಬಳಸಲು ಹೆತ್ತವರ ದೃಢಪಡಿಸಬಹುದಾದ ಒಪ್ಪಿಗೆಯನ್ನು ಕಡ್ಡಾಯಗೊಳಿಸಿದೆ. ಮಕ್ಕಳ ವರ್ತನೆಯ ಮೇಲಿನ ನಿಗಾವನ್ನೂ ಅದು ನಿಷೇಧಿಸುತ್ತದೆ. ನಿಯಮಗಳ ಮೂಲಕ ವಿನಾಯಿತಿ ನೀಡಲು ಅವಕಾಶವಿದೆ.