ಬ್ರಿಟನ್ನಿನ ರಾಜ ಒಪ್ಪದಿದ್ದರೆ ಕಾನೂನು ನಿಂತುಹೋಗುತ್ತದೆಯೇ?

ಬ್ರಿಟನ್ನಿನಲ್ಲಿ ಸೈನಿಕರು ನಿಷ್ಠೆಯ ಪ್ರಮಾಣ ಮಾಡುವುದು ರಾಜನಿಗೆ. ಸರ್ಕಾರದ ಅಧಿಕೃತ ಹೆಸರೇ ‘ರಾಜರ ಸರ್ಕಾರ’. ಸಂಸತ್ತಿನ ಪ್ರತಿ ಮಸೂದೆಗೂ ರಾಜನ ಅಂಕಿತ ಬೇಕು. ಇದನ್ನೆಲ್ಲ ನೋಡಿದವರಲ್ಲಿ ಕೆಲವರು ‘ರಾಜ ಮನಸ್ಸು ಮಾಡಿದರೆ ಯಾವ ಕಾನೂನನ್ನಾದರೂ ತಡೆಯಬಹುದು’ ಎನ್ನುತ್ತಾರೆ. ಇನ್ನು ಕೆಲವರು ‘ರಾಜ ಬರೀ ರಬ್ಬರ್ ಸ್ಟಾಂಪ್, ಅಧಿಕಾರವೆಲ್ಲ ಎಂದೋ ಮುಗಿದಿದೆ’ ಎನ್ನುತ್ತಾರೆ. ಎರಡೂ ಪೂರ್ತಿ ನಿಜವಲ್ಲ. ಆ ಅಧಿಕಾರಗಳಲ್ಲಿ ಬಹಳಷ್ಟು ಇಂದಿಗೂ ಇವೆ, ಆದರೆ ಬಳಸುವವರು ಬೇರೆ.

ಸಾಂವಿಧಾನಿಕ ರಾಜಪ್ರಭುತ್ವ ಎಂದರೇನು?

ದೇಶದ ಮುಖ್ಯಸ್ಥ ವಂಶಪಾರಂಪರ್ಯವಾಗಿ ಬಂದ ರಾಜ ಅಥವಾ ರಾಣಿ. ಆಡಳಿತ ನಡೆಸುವುದು ಮಾತ್ರ ಚುನಾಯಿತ ಸಂಸತ್ತಿನ ಬೆಂಬಲವಿರುವ ಸರ್ಕಾರ. ರಾಜನೂ ಕಾನೂನಿಗೆ ಒಳಪಟ್ಟವನು.

ಈ ವ್ಯವಸ್ಥೆ ಒಂದೇ ದಿನದಲ್ಲಿ ಬಂದದ್ದಲ್ಲ. 1642ರಲ್ಲಿ ಒಂದನೇ ಚಾರ್ಲ್ಸ್ ಐವರು ಸದಸ್ಯರನ್ನು ಬಂಧಿಸಲು ಸೈನಿಕರೊಡನೆ ಸಂಸತ್ತಿಗೇ ನುಗ್ಗಿದ. ಅಂತರ್ಯುದ್ಧ ನಡೆದು, 1649ರಲ್ಲಿ ಅವನ ಶಿರಚ್ಛೇದವಾಯಿತು. ಸಂಸತ್ತಿನ ಒಪ್ಪಿಗೆಯಿಲ್ಲದೆ ರಾಜ ಕಾನೂನನ್ನು ಅಮಾನತಿನಲ್ಲಿಡುವಂತಿಲ್ಲ, ತೆರಿಗೆ ಹಾಕುವಂತಿಲ್ಲ ಎಂದು 1689ರ ಹಕ್ಕುಗಳ ಕಾಯ್ದೆ ಕಟ್ಟುಹಾಕಿತು. ಇಂದಿಗೂ ಅಧಿವೇಶನದ ಆರಂಭದಲ್ಲಿ ರಾಜನ ದೂತ ಬಂದಾಗ ಕೆಳಮನೆಯವರು ಅವರ ಮುಖಕ್ಕೇ ಬಾಗಿಲು ಹಾಕುತ್ತಾರೆ. ದೂತರು ಮೂರು ಸಲ ತಟ್ಟಿದ ಮೇಲೆಯೇ ಬಾಗಿಲು ತೆರೆಯುವುದು.

ಮಸೂದೆ ಕಾನೂನಾಗುವುದು ಹೇಗೆ?

ಬಹುತೇಕ ಮುಖ್ಯ ಮಸೂದೆಗಳನ್ನು ತರುವುದು ಸರ್ಕಾರ. 650 ಚುನಾಯಿತ ಸದಸ್ಯರಿರುವ ಕೆಳಮನೆಯಲ್ಲಿ ಮತ್ತು ಚುನಾಯಿತರಲ್ಲದ ಮೇಲ್ಮನೆಯಲ್ಲಿ ವಾಚನ, ಸಮಿತಿಯ ಪರಿಶೀಲನೆ, ತಿದ್ದುಪಡಿ ನಡೆಯುತ್ತವೆ. 1911 ಮತ್ತು 1949ರ ಸಂಸತ್ ಕಾಯ್ದೆಗಳ ಪ್ರಕಾರ ಮೇಲ್ಮನೆ ಹೆಚ್ಚಿನ ಮಸೂದೆಗಳನ್ನು ಸುಮಾರು ಒಂದು ವರ್ಷ ತಡ ಮಾಡಬಹುದೇ ಹೊರತು ಶಾಶ್ವತವಾಗಿ ತಡೆಯಲಾರದು.

ಕೊನೆಯದು ರಾಜನ ಅಂಕಿತ. ಇಲ್ಲೊಂದು ತಪ್ಪು ಕಲ್ಪನೆಯಿದೆ. ಸಾಮಾನ್ಯವಾಗಿ ರಾಜ ಮಸೂದೆಯ ಪ್ರತಿಗೇ ಸಹಿ ಹಾಕುವುದಿಲ್ಲ; ಮಸೂದೆಗಳ ಹೆಸರಿರುವ ಒಂದು ಅಧಿಕೃತ ಪತ್ರಕ್ಕೆ ಹಾಕುತ್ತಾನೆ. ಅಂಕಿತ ಸಿಕ್ಕಿದ್ದನ್ನು ಎರಡೂ ಸದನಗಳಲ್ಲಿ ಪ್ರಕಟಿಸಲಾಗುತ್ತದೆ.

ರಾಜ ಒಪ್ಪದಿದ್ದರೆ?

ಅಂಕಿತವಿಲ್ಲದ ಮಸೂದೆ ಕಾನೂನಾಗದು ಎಂಬುದು ನಿಜ. ಆದರೆ ಬ್ರಿಟನ್ನಿನಲ್ಲಿ ಕೊನೆಯ ಸಲ ಅಂಕಿತ ನಿರಾಕರಿಸಿದ್ದು 1708ರಲ್ಲಿ, ರಾಣಿ ಆ್ಯನ್. ಅದೂ ಮಂತ್ರಿಗಳ ಸಲಹೆಯಂತೆ. ಮುನ್ನೂರಕ್ಕೂ ಹೆಚ್ಚು ವರ್ಷಗಳ ಈ ರೂಢಿಯನ್ನು ಇಂದು ಮುರಿದರೆ ರಾಜನ ಪೀಠವೇ ಅಲುಗಾಡಬಹುದು.

ಬೇರೆ ದೇಶಗಳಲ್ಲಿ ಇಂಥದ್ದು ನಡೆದಿದೆ. 1990ರಲ್ಲಿ ಬೆಲ್ಜಿಯಂನ ರಾಜ ಬೋದುವೆನ್ ತಮ್ಮ ಆತ್ಮಸಾಕ್ಷಿ ಒಪ್ಪುವುದಿಲ್ಲವೆಂದು ಗರ್ಭಪಾತ ಕಾನೂನಿಗೆ ಸಹಿ ಹಾಕಲಿಲ್ಲ. ‘ರಾಜರು ಸದ್ಯ ಆಳಲು ಅಸಮರ್ಥರು’ ಎಂದು ಘೋಷಿಸಿ ಮಂತ್ರಿಗಳೇ ಕಾನೂನನ್ನು ಜಾರಿಗೆ ತಂದರು. ಸಂಸತ್ತು ಒಂದೆರಡು ದಿನಗಳಲ್ಲಿ ರಾಜರಿಗೆ ಅಧಿಕಾರ ಮರಳಿಸಿತು. 2008ರಲ್ಲಿ ಲಕ್ಸೆಂಬರ್ಗ್‌ನ ದೊರೆ ಹೆನ್ರಿ ದಯಾಮರಣದ ಮಸೂದೆಯನ್ನು ಅನುಮೋದಿಸಲಾರೆ ಎಂದಾಗ ಸಂವಿಧಾನವನ್ನೇ ತಿದ್ದಿ ಆ ಅಧಿಕಾರವನ್ನು ತೆಗೆಯಲಾಯಿತು.

ಹಾಗಾದರೆ ಅಧಿಕಾರ ಯಾರ ಕೈಯಲ್ಲಿದೆ?

ಯುದ್ಧಕ್ಕೆ ಸೇನೆ ಕಳಿಸುವುದು, ಒಪ್ಪಂದ ಮಾಡಿಕೊಳ್ಳುವುದು, ಅಧಿವೇಶನವನ್ನು ಮುಕ್ತಾಯಗೊಳಿಸುವುದು ಹಳೆಯ ಕಾಲದಿಂದ ಬಂದ ರಾಜಾಧಿಕಾರಗಳು. ಇವನ್ನು ಇಂದು ರಾಜನ ಹೆಸರಿನಲ್ಲಿ ಬಳಸುವುದು ಮಂತ್ರಿಗಳು. ತೊಡಕಿರುವುದು ಇಲ್ಲೇ.

1999ರಲ್ಲಿ ಇರಾಕ್ ವಿರುದ್ಧದ ಸೇನಾ ಕಾರ್ಯಾಚರಣೆಗೆ ಒಪ್ಪಿಗೆ ಕೊಡುವ ಅಧಿಕಾರವನ್ನು ಸಂಸತ್ತಿಗೆ ವರ್ಗಾಯಿಸುವ ಖಾಸಗಿ ಮಸೂದೆಯೊಂದು ಬಂತು. ರಾಜಾಧಿಕಾರವನ್ನು ಮುಟ್ಟುವ ಮಸೂದೆಯಾದರೆ, ಅಂಕಿತದ ಮಾತಿರಲಿ, ಚರ್ಚೆ ಮುಗಿಸುವುದಕ್ಕೇ ಅರಮನೆಯ ಪೂರ್ವಾನುಮತಿ ಬೇಕು. ಸರ್ಕಾರದ ಸಲಹೆಯಂತೆ ರಾಣಿ ಅನುಮತಿ ಕೊಡಲಿಲ್ಲ. ಮಸೂದೆ ಅಲ್ಲಿಗೇ ಬಿತ್ತು. ನಿರಾಕರಣೆ ರಾಣಿಯ ಹೆಸರಿನಲ್ಲಿ, ನಿರ್ಧಾರ ಸರ್ಕಾರದ್ದು.

2019ರಲ್ಲಿ ಬ್ರೆಕ್ಸಿಟ್ ಗಡುವು ಹತ್ತಿರವಿದ್ದಾಗ ಪ್ರಧಾನಿ ಬೋರಿಸ್ ಜಾನ್ಸನ್ ಸಂಸತ್ತನ್ನು ಸುಮಾರು ಐದು ವಾರ ಮುಚ್ಚುವಂತೆ ರಾಣಿಗೆ ಸಲಹೆ ಕೊಟ್ಟರು. ಪ್ರಧಾನಿಯ ಸಲಹೆಯನ್ನು ತಳ್ಳಿಹಾಕುವ ರೂಢಿಯಿಲ್ಲ, ರಾಣಿ ಒಪ್ಪಿದರು. ಅದನ್ನು ತಡೆದದ್ದು ಸುಪ್ರೀಂ ಕೋರ್ಟ್. ಸೆಪ್ಟೆಂಬರ್ 24ರಂದು 11 ನ್ಯಾಯಮೂರ್ತಿಗಳೂ ಒಮ್ಮತದಿಂದ ಆ ಸಲಹೆ ಕಾನೂನುಬಾಹಿರ, ಸಂಸತ್ತು ಮುಚ್ಚಿಯೇ ಇಲ್ಲ ಎಂದು ತೀರ್ಪಿತ್ತರು. ಮರುದಿನವೇ ಸಂಸತ್ತು ಸೇರಿತು.

ರಾಜನಿಗೆ ಉಳಿದಿರುವುದೇನು?

ಪ್ರಭಾವ. ರಾಜ ಮತ್ತು ಪ್ರಧಾನಿ ಸಾಮಾನ್ಯವಾಗಿ ವಾರಕ್ಕೊಮ್ಮೆ ಭೇಟಿಯಾಗುತ್ತಾರೆ, ಅಲ್ಲಿನ ಮಾತು ಹೊರಗೆ ಬರುವುದಿಲ್ಲ. ಮೇಲೆ ಹೇಳಿದ ಪೂರ್ವಾನುಮತಿ ರಾಜಮನೆತನದ ಆಸ್ತಿ-ಹಿತಾಸಕ್ತಿಗೆ ಸಂಬಂಧಿಸಿದ ಮಸೂದೆಗಳಿಗೂ ಅನ್ವಯಿಸುತ್ತದೆ. ಎರಡನೇ ಎಲಿಜಬೆತ್ ಅವರ ಕಾಲದಲ್ಲಿ ಸಾವಿರಕ್ಕೂ ಹೆಚ್ಚು ಮಸೂದೆಗಳು ಹೀಗೆ ಅರಮನೆಗೆ ಹೋಗಿಬಂದಿದ್ದವೆಂದು ‘ಗಾರ್ಡಿಯನ್’ ಪತ್ರಿಕೆ 2021ರಲ್ಲಿ ಬಯಲಿಗೆಳೆಯಿತು. ಆದ್ದರಿಂದ ‘ಬರೀ ರಬ್ಬರ್ ಸ್ಟಾಂಪ್’ ಎನ್ನುವುದೂ ಅವಸರದ ಮಾತು.

ನಮಗೇಕೆ ಇದು ಬೇಕು?

ನಮ್ಮಲ್ಲಿ ರಾಜನಿಲ್ಲ, ಆದರೆ ನಮ್ಮ ಸಂಸದೀಯ ಪದ್ಧತಿಯ ಅಚ್ಚು ಬ್ರಿಟನ್ನಿನದು. ಅಲ್ಲಿ ರೂಢಿಯಾಗಿರುವುದನ್ನು ನಮ್ಮ ಸಂವಿಧಾನ ಬರೆದೇ ಇಟ್ಟಿದೆ. 74ನೇ ವಿಧಿಯಂತೆ ರಾಷ್ಟ್ರಪತಿಗಳು ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕು. 111ನೇ ವಿಧಿಯಂತೆ ಮಸೂದೆಯನ್ನು ಮರುಪರಿಶೀಲನೆಗೆ ಕಳಿಸಬಹುದು (ಹಣಕಾಸು ಮಸೂದೆ ಬಿಟ್ಟು). ಸಂಸತ್ತು ಮತ್ತೆ ಒಪ್ಪಿದರೆ ಅಂಕಿತ ತಡೆಹಿಡಿಯುವಂತಿಲ್ಲ.

ಹಾಗಾಗಿ ಅಂಕಿತದ ಸುದ್ದಿ ಓದುವಾಗ ಸಹಿ ಯಾರದು ಎಂಬುದರ ಜೊತೆಗೆ ಸಲಹೆ ಯಾರದು, ಆ ಸಲಹೆಯನ್ನು ಪ್ರಶ್ನಿಸಬಲ್ಲವರು ಯಾರು ಎಂದೂ ಕೇಳಿಕೊಳ್ಳಿ. ಅಧಿಕಾರ ಎಲ್ಲಿದೆಯೆಂಬುದು ಆಗ ಗೊತ್ತಾಗುತ್ತದೆ.