ಆಫ್ರಿಕದ ಬೇಟೆಯೂ ಕೋವಿಯ ಮೇಲಣ ಅಂಕೆಯೂ

ಮೃಗಯೆಯನ್ನು ಮನುವು ಕಾಮದಿಂದ ಹುಟ್ಟುವ ಹತ್ತು ವ್ಯಸನಗಳಲ್ಲಿ ಮೊಟ್ಟಮೊದಲನೆಯದಾಗಿ ಎಣಿಸಿರುವನು. ಶಾಕುಂತಲ ನಾಟಕದ ಎರಡನೆಯ ಅಂಕದಲ್ಲಿ ಸೇನಾಪತಿಯು ಅದನ್ನೇ ಹಿತಕರವೆಂದು ಕೊಂಡಾಡುವನು; ವಿದೂಷಕನಾದರೋ ಅರಸನ ಹಿಂದೆ ಅಲೆದಲೆದು ಮೈಕೀಲುಗಳು ಸಡಿಲಿದುವೆಂದು ಗೋಳಿಡುವನು. ಸಂಸ್ಕೃತ ಪಾಠಶಾಲೆಯಲ್ಲಿ ಓದಿ, ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಮಕ್ಕಳಿಗೆ ಪಾಠ ಹೇಳಿದ ನನಗೆ ಬೇಟೆಯ ವಿಷಯದಲ್ಲಿದ್ದ ಪರಿಚಯವು ಇಷ್ಟೇ. ಹೀಗಿರುವಲ್ಲಿ ಕೋವಿಗಳನ್ನು ಕುರಿತು ಬರೆಯಲು ಹೊರಟೆನೇಕೆ ಎಂಬುದನ್ನು ವಾಚಕರಿಗೆ ಮೊದಲು ಅರಿಕೆ ಮಾಡಬೇಕು.

ಮಲೆನಾಡಿನ ಕಾಫಿ ತೋಟದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮನೆಗೆ ಹಿಂದಿನ ಮಾಘಮಾಸದಲ್ಲಿ ಹೋಗಿದ್ದೆನು. ಆತನ ಮುತ್ತಾತನು ಊರು ಬಿಟ್ಟು ಹೊರಟ ದೊರೆಯೊಬ್ಬನಿಂದ ಕೊಂಡ ಜೋಡುನಳಿಗೆಯ ಕೋವಿಯೊಂದು, ಪರವಾನಗಿಯ ಕಾಗದದೊಡನೆ, ಆ ಮನೆಯಲ್ಲಿ ಇನ್ನೂ ಇದೆ. ಆಯುಧಪೂಜೆಯ ದಿನ ಅರಿಸಿನ ಕುಂಕುಮಗಳನ್ನು ಕಾಣುವುದಲ್ಲದೆ ಅದಕ್ಕೆ ಬೇರೆ ಕೆಲಸವಿಲ್ಲ. ಅದನ್ನು ತಂದು ನನ್ನ ಮುಂದಿಟ್ಟು, ನಳಿಗೆಯ ಮೇಲೆ ಕೆತ್ತಿದ್ದ ಅಂಕೆಯನ್ನು ತೋರಿಸಿ ಆತನು ಹೇಳಿದನು: "ಮೇಷ್ಟ್ರೇ, ಇದು ಆಫ್ರಿಕಾದಲ್ಲಿ ಆನೆ ಹೊಡೆಯುವ ಜಾತಿಯ ಕೋವಿಯಂತೆ. ೪೫೦ ಎಂದರೆ ಒಪ್ಪಬಹುದು, ೫೦೦ ಎಂದರೂ ಒಪ್ಪಬಹುದು. ಈ ೪೬೫ ಎಲ್ಲಿಯ ಲೆಕ್ಕ?" ನನಗೆ ಉತ್ತರ ತಿಳಿಯಲಿಲ್ಲ. ಊರಿಗೆ ಹಿಂದಿರುಗಿದ ಮೇಲೆ ಕೆಲವು ತಿಂಗಳು ಆ ಒಂದು ಪ್ರಶ್ನೆಯ ಬೆನ್ನು ಹತ್ತಿ ಓದಿದುದರ ಫಲವೇ ಈ ಬರೆಹ.

ಕೋವಿಯನ್ನು ಅಳೆಯುವ ಕ್ರಮವನ್ನು ಮೊದಲು ಹೇಳಬೇಕು. ಹಳೆಯ ಕಾಲದಲ್ಲಿ, ಒಂದು ಪೌಂಡು ಸೀಸದಿಂದ ನಳಿಗೆಗೆ ಸರಿಹೋಗುವ ಉರುಟು ಗುಂಡುಗಳು ಎಷ್ಟಾಗುವುವೋ ಅದೇ ಆ ಕೋವಿಯ ಅಂಕೆ. ನಾಲ್ಕು ಗುಂಡುಗಳಾದರೆ ಅದು ನಾಲ್ಕು ಬೋರಿನ ಕೋವಿ. ಆದುದರಿಂದ ಅಂಕೆಯು ಕಿರಿದಾದಷ್ಟೂ ಕೋವಿಯು ಹಿರಿದು. ನಮ್ಮ ಕಡೆ ಹನ್ನೆರಡು ಬೋರಿನ ಚರೆಕೋವಿಯೆನ್ನುವುದು ಈ ಲೆಕ್ಕದ್ದೇ. ಅನಂತರ ಬಂದ ಕ್ರಮದಲ್ಲಿ ನಳಿಗೆಯ ಒಳವ್ಯಾಸವನ್ನು ಅಂಗುಲದ ಸಾವಿರ ಪಾಲುಗಳಲ್ಲಿ ಹೇಳುವರು. ೪೫೦ ಎಂದರೆ ಅಂಗುಲದ ಸಾವಿರದಲ್ಲಿ ೪೫೦ ಪಾಲು. ಗುಂಡಿನ ತೂಕವನ್ನು ಗ್ರೇನುಗಳಲ್ಲಿ ಹೇಳುವುದು ವಾಡಿಕೆ. ಒಂದು ತೊಲಕ್ಕೆ ೧೮೦ ಗ್ರೇನುಗಳಾಗುವುದರಿಂದ, ಅಕ್ಕಸಾಲಿಗನ ತಕ್ಕಡಿಯನ್ನು ಕಂಡವರಿಗೆ ಅರ್ಥವಾಗಲೆಂದು ತೊಲದ ಲೆಕ್ಕವನ್ನೇ ಇಲ್ಲಿ ಹಿಡಿದಿದ್ದೇನೆ.

ಸಫಾರಿಯೆಂಬುದು ಪೂರ್ವ ಆಫ್ರಿಕದ ಸ್ವಾಹಿಲಿ ಭಾಷೆಯ ಮಾತು. ಅದರ ಮೂಲವು ಅರಬ್ಬೀ. ನಮ್ಮಲ್ಲಿ ಉರ್ದುವಿನ ಮೂಲಕ ಬಂದ ಸಫರ್ ಎಂಬ ಶಬ್ದವೂ ಅದರ ಸೋದರನೇ. ಅರ್ಥವು ಬರಿಯ ಪ್ರಯಾಣ. ಅದಕ್ಕೆ ಬೇಟೆಯ ಅರ್ಥವು ಅಂಟಿದುದು ಬಿಳಿಯರಿಂದ. ಅಂತಹ ಪ್ರಯಾಣಕ್ಕೆ ಹೊರಡುವವನ ಮೊದಲನೆಯ ಚಿಂತೆಯು ಯಾವ ಕೋವಿಯನ್ನು ಒಯ್ಯಬೇಕೆಂಬುದೇ. ಚಿಕ್ಕದನ್ನು ಒಯ್ದರೆ ಆನೆ, ಘೇಂಡಾಮೃಗ, ಕಾಡುಕೋಣಗಳ ಮುಂದೆ ಪ್ರಾಣಕ್ಕೆ ಅಪಾಯ. ದೊಡ್ಡದನ್ನು ಒಯ್ದರೆ ಹೊರುವ ಶ್ರಮ. ಅದರ ಒದೆತವನ್ನು ಭುಜವು ತಾಳಬೇಕು.

ಕರಿಮದ್ದಿನ ಕಾಲದಲ್ಲಿ ಆಯ್ಕೆಗೆ ಹೆಚ್ಚು ಎಡೆಯಿರಲಿಲ್ಲ. ಆ ಮದ್ದಿನಿಂದ ಗುಂಡಿಗೆ ವೇಗವು ಸಾಲದು. ಸಾಲದ ವೇಗವನ್ನು ತೂಕದಿಂದ ತುಂಬಬೇಕು. ೧೮೬೪ರಲ್ಲಿ ಆಲ್ಬರ್ಟ್ ಸರೋವರವನ್ನು ಕಂಡ ಸ್ಯಾಮ್ಯುಯೆಲ್ ಬೇಕರನು ಒಯ್ದಿದ್ದ ಒಂದು ಕೋವಿಯ ಗುಂಡು ಅರ್ಧ ಪೌಂಡು, ಎಂದರೆ ಹತ್ತೊಂಬತ್ತು ತೊಲಕ್ಕೂ ಮೇಲು. ಅದಕ್ಕೆ ಆತನು ಶಿಶುವೆಂದು ಹೆಸರಿಟ್ಟಿದ್ದನು. ಜೊತೆಯಲ್ಲಿದ್ದ ಅರಬರು ಫಿರಂಗಿಯ ಮಗುವೆಂದು ಕರೆದರು. ಹಾರಿಸಿದಾಗಲೆಲ್ಲ ಅದು ತನ್ನನ್ನು ಗಾಳಿಪಟ್ಟಿಯಂತೆ ತಿರುಗಿಸುತ್ತಿದ್ದುದರಿಂದ ತಾನೇ ಅದಕ್ಕೆ ಅಂಜುತ್ತಿದ್ದೆನೆಂದು ಆತನು ಒಪ್ಪಿಕೊಂಡಿರುವನು.

ಫ್ರೆಡರಿಕ್ ಸೆಲೂಸನು ೧೮೭೧ರಲ್ಲಿ, ತನ್ನ ಹತ್ತೊಂಬತ್ತನೆಯ ವಯಸ್ಸಿನಲ್ಲಿ, ದಕ್ಷಿಣ ಆಫ್ರಿಕಕ್ಕೆ ಬಂದಿಳಿದನು. ತಂದಿದ್ದ ಒಳ್ಳೆಯ ರೈಫಲ್ಲು ಕಳುವಾಯಿತು. ಗತ್ಯಂತರವಿಲ್ಲದೆ ಬಾತುಕೋಳಿ ಹೊಡೆಯುವ ಜಾತಿಯ, ಬಾಯಿಯಿಂದ ಮದ್ದು ತುಂಬುವ, ಅಗ್ಗದ ನಾಲ್ಕು ಬೋರಿನ ಕೋವಿಗಳನ್ನು ಕೊಂಡನು. ತೊಗಲಿನ ಚೀಲದಿಂದ ಮದ್ದನ್ನು ಕೈಯಲ್ಲೇ ಬಾಚಿ ಸುರಿದು, ಹತ್ತು ತೊಲಕ್ಕೆ ಸ್ವಲ್ಪ ಕಡಮೆಯಾದ ಗುಂಡನ್ನು ಇಳಿಸುತ್ತಿದ್ದನು. ಇಂತಹ ಸಾಧನದಿಂದ ಆತನು ೧೮೭೨ರಿಂದ ೧೮೭೪ರ ವರೆಗಿನ ಮೂರು ಋತುಗಳಲ್ಲಿ ಎಪ್ಪತ್ತೆಂಟು ಆನೆಗಳನ್ನು ಕೊಂದನು. ಒಮ್ಮೆ ಆಳಿನ ಮರೆವಿನಿಂದ ಕೋವಿಯಲ್ಲಿ ಎರಡು ಸಲ ಮದ್ದು ಗುಂಡುಗಳು ತುಂಬಿದ್ದುವು. ಹಾರಿಸಿದೊಡನೆ ಸೆಲೂಸನು ನೆಲದಿಂದೆದ್ದು ಹಿಂದಕ್ಕೆ ಬಿದ್ದನು. ಆ ಕೋವಿಗಳು ತನ್ನ ನರಗಳನ್ನು ಕೆಡಿಸಿದುವು ಎಂದು ಮುಂದೆ ಆತನು ವ್ಯಸನಪಟ್ಟನು.

ಈ ಕಷ್ಟವನ್ನು ಕಳೆದುದು ಹೊಗೆಯಿಲ್ಲದ ಮದ್ದು. ಅದನ್ನು ೧೮೮೪ರಲ್ಲಿ ಫ್ರಾನ್ಸಿನ ವಿಯೇಲ್ ಎಂಬ ರಸಾಯನಶಾಸ್ತ್ರಜ್ಞನು ಸಾಧಿಸಿದನು. ಇಂಗ್ಲಿಷರ ಕೈಯಲ್ಲಿ ಅದು ಕಾರ್ಡೈಟ್ ಆಯಿತು. ೧೮೯೮ರಲ್ಲಿ ಜಾನ್ ರಿಗ್ಬಿಯ ಕೋವಿಯ ಅಂಗಡಿಯು ೪೫೦ರ ನಳಿಗೆಗೆ ಕಾರ್ಡೈಟ್ ತೋಟಾವನ್ನು ಹೊರತಂದಿತು. ಅದರ ಗುಂಡು ೪೮೦ ಗ್ರೇನು, ಎಂದರೆ ಎರಡೂ ಮುಕ್ಕಾಲು ತೊಲಕ್ಕೆ ಇನ್ನೂ ಕೊಂಚ ಕಡಮೆ. ವೇಗವು ಸೆಕೆಂಡಿಗೆ ೨,೧೫೦ ಅಡಿ. ಹತ್ತು ತೊಲದ ಸೀಸವು ಮಾಡಲಾರದ ಕೆಲಸವನ್ನು ಮೂರು ತೊಲವೂ ಇಲ್ಲದ ಈ ಗುಂಡು ಮಾಡಿತು. ಲೋಹದ ಕವಚವಿದ್ದುದರಿಂದ ಆನೆಯ ತಲೆಯ ಮೂಳೆಯನ್ನು ತೂರಿತು. ಕೋವಿಯ ತೂಕವು ಹನ್ನೊಂದು ಪೌಂಡಿನ ಆಸುಪಾಸಿಗೆ ಇಳಿಯಿತು. ಒಂದೆರಡು ವರ್ಷಗಳಲ್ಲಿಯೇ ಆಫ್ರಿಕಕ್ಕೆ ಹೋಗುವವರ ಕೋವಿಯೆಂದರೆ ೪೫೦ ಎಂಬಂತಾಯಿತು.

ಅದೇ ೧೮೯೮ರಲ್ಲಿ ಸಾವೋ ನದಿಯ ಬಳಿ ನಡೆದ ಸಂಗತಿಯನ್ನು ಅನೇಕರು ಕೇಳಿರಬಹುದು. ಉಗಾಂಡ ರೈಲುಹಾದಿಯ ಕೆಲಸಕ್ಕಾಗಿ ಒಟ್ಟು ಮೂವತ್ತು ಸಾವಿರಕ್ಕೂ ಹೆಚ್ಚು ಭಾರತೀಯ ಕೂಲಿಗಳನ್ನು, ಬಹುಮಟ್ಟಿಗೆ ಪಂಜಾಬಿನಿಂದ, ಕರೆದೊಯ್ದಿದ್ದರು. ಕೇಸರವಿಲ್ಲದ ಎರಡು ಸಿಂಹಗಳು ಅವರನ್ನು ಗುಡಾರಗಳಿಂದ ಎಳೆದೊಯ್ದು ತಿಂದುವು. ಸತ್ತ ಭಾರತೀಯರು ಇಪ್ಪತ್ತೆಂಟು ಮಂದಿಯೆಂದು ಲೆಕ್ಕವಿದೆ. ಸೇತುವೆಯ ಎಂಜಿನಿಯರ್ ಪ್ಯಾಟರ್ಸನ್ನನು ತನ್ನ ೩೦೩ರ ರೈಫಲ್ಲಿಗೆ ಬದಲಾಗಿ ಸ್ನೇಹಿತನ ಬಲವಾದ ಕೋವಿಯೊಂದನ್ನು ಪಡೆದು ಹೊರಟನು. ಸಿಂಹವು ಎದುರಿಗೆ ಬಂದಾಗ ಅದರ ಕುದುರೆಯು ಟಪ್ಪೆಂದಿತೇ ಹೊರತು ಗುಂಡು ಹಾರಲಿಲ್ಲ. ಪರೀಕ್ಷಿಸದ ಎರವಲು ಕೋವಿಯನ್ನು ನಂಬಿದುದಕ್ಕೆ ಆತನು ತನ್ನನ್ನೇ ಹಳಿದುಕೊಂಡನು. ಎರಡನೆಯ ಸಿಂಹದ ಬೇಟೆಯಲ್ಲಿ ಮತ್ತೊಂದು ಕೋವಿಗಾಗಿ ಕೈ ಹಿಂದಕ್ಕೆ ಚಾಚಿದರೆ ಕೋವಿಯಿಲ್ಲ. ಅದನ್ನು ಹೊತ್ತಿದ್ದ ಮಹಿನಾ ಎಂಬಾತನು ಕೋವಿಯ ಸಮೇತ ಮರವೇರುತ್ತಿದ್ದನು. ಆ ಪುಸ್ತಕವನ್ನು ಓದುವ ದೊರೆಗಳು ಇಲ್ಲಿ ನಕ್ಕಿರಬಹುದು. ಆಳು ಕೋವಿಯನ್ನು ಹೊರಬೇಕು, ಹಾರಿಸಕೂಡದು, ಸಿಂಹವು ಮೈಮೇಲೆ ಬಂದರೂ ಅದನ್ನು ಮತ್ತೊಬ್ಬನ ಕೈಗೆ ಕೊಟ್ಟು ನಿಲ್ಲಬೇಕು ಎಂಬ ಕಟ್ಟಳೆಯಿರುವಲ್ಲಿ ಮರವೇರಿದವನನ್ನು ನಾನಂತೂ ತಪ್ಪುಗಾರನೆನ್ನಲಾರೆನು.

ಇನ್ನು ೪೬೫ರ ವಿಚಾರ. ೧೮೭೮ನೆಯ ವರ್ಷದಲ್ಲಿ ಲಿಟ್ಟನ್ನನ ಸರಕಾರವು ದೇಶಭಾಷೆಯ ಪತ್ರಿಕೆಗಳ ಬಾಯಿ ಕಟ್ಟುವ ಶಾಸನವನ್ನು ಹೊರಡಿಸಿತು. ಅದೇ ವರ್ಷ ಆಯುಧಗಳ ಶಾಸನವನ್ನೂ ಹೊರಡಿಸಿತು. ಪರವಾನಗಿಯಿಲ್ಲದೆ ಭಾರತೀಯನು ಆಯುಧವನ್ನು ಹಿಡಿಯಕೂಡದು, ಯೂರೋಪಿಯನರಿಗೆ ವಿನಾಯಿತಿ. (ನಮ್ಮ ಕೊಡಗಿನವರಿಗೆ ದೊರೆತ ವಿನಾಯಿತಿಯು ಬೇರೆ ಬಗೆಯದು, ಅದೊಂದು ಪ್ರತ್ಯೇಕ ಲೇಖನಕ್ಕೆ ತಕ್ಕ ವಿಷಯ.) ಇಷ್ಟಾದರೂ ಸರಕಾರಕ್ಕೆ ನೆಮ್ಮದಿಯಿಲ್ಲ. ಸೈನ್ಯವು ಬಿಟ್ಟುಕೊಟ್ಟ ಹಳೆಯ ಮಾರ್ಟಿನಿ-ಹೆನ್ರಿ ಕೋವಿಗಳು ಅಲ್ಲಲ್ಲಿ ಉಳಿದಿದ್ದುವು. ಅವುಗಳ ನಳಿಗೆಯೂ ೪೫೦ರದೇ. ದೊರೆಗಳು ಹುಲಿಯ ಬೇಟೆಗೆಂದು ತರಿಸುವ ತೋಟಾಗಳ ಗುಂಡುಗಳನ್ನು ಕಿತ್ತು, ಬಂಡಾಯಗಾರರು ಆ ಹಳೆಯ ಕೋವಿಗಳಿಗೆ ತುಂಬಿದರೆ ಗತಿಯೇನು? ಈ ಅಂಜಿಕೆಯಿಂದ ೧೯೦೭ರ ಸುಮಾರಿಗೆ ೪೫೦ರ ರೈಫಲ್ಲುಗಳನ್ನೂ ತೋಟಾಗಳನ್ನೂ ಭಾರತಕ್ಕೂ ಸೂಡಾನಿಗೂ ತರಕೂಡದೆಂದು ಆಜ್ಞೆಯಾಯಿತು. ಸೈನ್ಯದ ೩೦೩ಕ್ಕೂ ಇಂತಹುದೇ ತಡೆಯಿತ್ತು.

ಲಂಡನ್, ಬರ್ಮಿಂಗ್‌ಹ್ಯಾಮ್ ನಗರಗಳ ಕೋವಿಯ ಕುಶಲಿಗಳಿಗೆ ಭಾರತವು ದೊಡ್ಡ ಗಿರಾಕಿ. ರಾಜಮಹಾರಾಜರಿದ್ದರು, ಅಧಿಕಾರಿಗಳಿದ್ದರು, ತೋಟದ ದೊರೆಗಳಿದ್ದರು. ಆ ವ್ಯಾಪಾರವನ್ನು ಕಳೆದುಕೊಳ್ಳಲಾರದೆ ಪ್ರತಿಯೊಬ್ಬರೂ ಮಾರ್ಟಿನಿಯ ನಳಿಗೆಗೆ ಹೊಂದದ ಹೊಸ ಅಳತೆಯೊಂದನ್ನು ಹುಡುಕಿದರು. ಹಾಲೆಂಡ್ ಅವರದು ೪೬೫. ಜೋಸೆಫ್ ಲ್ಯಾಂಗ್ ಅವರದು ೪೭೦. ವೆಸ್ಟ್ಲಿ ರಿಚರ್ಡ್ಸ್ ಅವರದು ೪೭೬. ಮೃಗದ ದೃಷ್ಟಿಯಿಂದ ನೋಡಿದರೆ ಇವುಗಳಿಗೂ ೪೫೦ಕ್ಕೂ ಭೇದವು ಇಲ್ಲವೆಂದೇ ಹೇಳಬೇಕು. ೪೬೫ರ ಗುಂಡು ಅದೇ ೪೮೦ ಗ್ರೇನು, ವೇಗವು ಅದೇ ೨,೧೫೦ ಅಡಿ! ಎರಡು ದೇಶಗಳಿಗೂ ಬೇರೆ ಬೇರೆ ಕೋವಿಗಳನ್ನು ಮಾಡುವುದು ಲಾಭವಲ್ಲವಾದುದರಿಂದ ಭಾರತಕ್ಕಾಗಿ ಹುಟ್ಟಿದ ಈ ಅಂಕೆಗಳೇ ಆಫ್ರಿಕಕ್ಕೂ ಹೋದುವು. ೪೭೦ರ ಜೋಡುನಳಿಗೆಯು ಆಫ್ರಿಕದ ಬೇಟೆಯ ಗುರುತೇ ಆಗಿಬಿಟ್ಟಿತು. ಅದನ್ನು ಭುಜಕ್ಕೇರಿಸಿದವರಲ್ಲಿ ಎಷ್ಟು ಮಂದಿಗೆ, ಆ ಇಪ್ಪತ್ತು ಪಾಲು ಹೆಚ್ಚಿದುದು ಆನೆಯ ಭಯದಿಂದಲ್ಲ, ನಮ್ಮ ಭಯದಿಂದ, ಎಂಬುದು ತಿಳಿದಿತ್ತೋ!

ಮೆತ್ತನೆಯ ಮೂತಿಯ ಗುಂಡಿನ ಕಥೆಯೂ ನಮ್ಮ ದೇಶದ್ದೇ. ಕಲ್ಕತ್ತೆಯ ಬಳಿಯ ದಮ್‌ದಮ್ ಕಾರಖಾನೆಯಲ್ಲಿ ೧೮೯೬–೯೭ರ ಸುಮಾರಿನಲ್ಲಿ ೩೦೩ರ ಗುಂಡಿನ ಮೂತಿಯ ಕವಚವನ್ನು ತೆಗೆದು, ಮೈಯೊಳಗೆ ಅರಳುವಂತೆ ಮಾಡಿದರು. ಮನುಷ್ಯರ ಮೇಲೆ ಯುದ್ಧದಲ್ಲಿ ಇಂತಹುದನ್ನು ಬಳಸಕೂಡದೆಂದು ೧೮೯೯ರ ಹೇಗ್ ಸಮ್ಮೇಳನವು ವಿಧಿಸಿತು. ಸಿಂಹಕ್ಕೂ ಜಿಂಕೆಗೂ ಅದೇ ಜಾತಿಯ ಗುಂಡು ಉಳಿಯಿತು.

೧೯೦೯ರ ಏಪ್ರಿಲಿನಲ್ಲಿ ಮೊಂಬಾಸದಲ್ಲಿ ಇಳಿದ ಅಮೆರಿಕದ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟನ ಆಯ್ಕೆಯು ಆ ಕಾಲದ ಪದ್ಧತಿಗೆ ಒಳ್ಳೆಯ ನಿದರ್ಶನ. ಹಗುರವಾದುದು ಸ್ಪ್ರಿಂಗ್‌ಫೀಲ್ಡ್ ಸೈನಿಕ ರೈಫಲ್ಲು. ನಡುವಿನದು ೪೦೫ರ ವಿಂಚೆಸ್ಟರ್, ಸಿಂಹಕ್ಕೆ ಇದೇ ಮದ್ದೆಂದು ಆತನು ಮೆಚ್ಚಿದುದು. ಭಾರವಾದುದು ಇಂಗ್ಲಿಷ್ ಅಭಿಮಾನಿಗಳು ಕಾಣಿಕೆಯಾಗಿ ಕೊಟ್ಟ ಹಾಲೆಂಡ್ ಜೋಡುನಳಿಗೆ. ತಂದೆ ಮಗ ಇಬ್ಬರೂ ಸೇರಿ ಹೊಡೆದುದು ೫೧೨ ಪ್ರಾಣಿಗಳು. ಅವುಗಳಲ್ಲಿ ಆನೆಗಳು ಹನ್ನೊಂದು, ಸಿಂಹಗಳು ಹದಿನೇಳು. ಹಂದಿಯ ತೊಗಲಿನ ರಟ್ಟು ಹಾಕಿಸಿದ ಗ್ರಂಥಗಳ ಪೆಟ್ಟಿಗೆಯೊಂದನ್ನೂ ಆತನು ಹೊರಿಸಿಕೊಂಡು ಹೋಗಿದ್ದನು. ಬೇಟೆಯ ನಡುವೆ ಮರದ ನೆರಳಿನಲ್ಲಿ ಕಾವ್ಯವನ್ನೋದುವ ಆ ಮನುಷ್ಯನಲ್ಲಿ ಎಷ್ಟು ಭಾಗವನ್ನು ಮೆಚ್ಚಬೇಕು, ಎಷ್ಟನ್ನು ಬಿಡಬೇಕು ಎಂಬುದು ನನಗೆ ಇನ್ನೂ ಬಗೆಹರಿದಿಲ್ಲ.

ಭಾರವಾದ ಕೋವಿಯೇ ಬೇಕೆಂಬ ಮತಕ್ಕೆ ದೊಡ್ಡ ಪೂರ್ವಪಕ್ಷವಾಗಿ ನಿಂತವನು ಕರಮೋಜದ ಬೆಲ್. ಸ್ಕಾಟ್ಲೆಂಡಿನ ಈ ದಂತದ ವ್ಯಾಪಾರಿಯು ಸಾವಿರಕ್ಕೂ ಹೆಚ್ಚು ಆನೆಗಳನ್ನು ಕೊಂದನು. ಅವುಗಳಲ್ಲಿ ಬಹುಪಾಲು ೨೭೫ರ ಸಣ್ಣ ಮೌಸರ್ ರೈಫಲ್ಲಿನಿಂದ. ಗುಂಡು ೧೭೩ ಗ್ರೇನು, ಒಂದು ತೊಲವೂ ಇಲ್ಲ! ಇದರಲ್ಲಿ ಮಾಯವೇನೂ ಇಲ್ಲ. ಸತ್ತ ಆನೆಯ ತಲೆಬುರುಡೆಯನ್ನು ಗರಗಸದಿಂದ ಸೀಳಿಸಿ, ಮಿದುಳು ಎಲ್ಲಿದೆ, ಯಾವ ಪಾರ್ಶ್ವದಿಂದ ನೋಡಿದರೆ ಯಾವ ಎಡೆಗೆ ಗುರಿಯಿಡಬೇಕು ಎಂಬುದನ್ನು ಆತನು ಪಾಠದಂತೆ ಕಲಿತನು. ಒದೆತವಿಲ್ಲದ ಕೋವಿಯಾದುದರಿಂದ ಕೈ ನಡುಗಲಿಲ್ಲ; ಕವಚದ ಗುಂಡು ನೇರವಾಗಿ ಹೋಗಿ ಮುಟ್ಟಿತು. ಸೂತ್ರವನ್ನು ಅರಿತವನಿಗೆ ಭಾಷ್ಯದ ಹೊರೆ ಬೇಕಿಲ್ಲವೆಂಬಂತೆ. ಆದರೆ ಬೆಲ್ಲನ ಕೋವಿಯನ್ನು ಕೊಳ್ಳಬಹುದು, ಆತನ ಕಣ್ಣನ್ನು ಕೊಳ್ಳಲಾಗದು. ಹೊದರಿನೊಳಗಿಂದ ಹತ್ತು ಮಾರಿನಲ್ಲಿ ನುಗ್ಗಿ ಬರುವ ಕಾಡುಕೋಣದ ಮುಂದೆ ಅಂಗರಚನೆಯನ್ನು ನೆನೆಯುವ ವ್ಯವಧಾನವು ಎಲ್ಲರಿಗೂ ಇರುವುದಿಲ್ಲ. ಮುಂದೆ ಅನೇಕ ಆಫ್ರಿಕದ ಸರಕಾರಗಳು ಅಪಾಯದ ಮೃಗಗಳಿಗೆ ೩೭೫ರ ಆಸುಪಾಸಿನ ಕನಿಷ್ಠ ಅಳತೆಯನ್ನು ಶಾಸನದಿಂದಲೇ ಗೊತ್ತುಮಾಡಿದುವು.

ಆ ೩೭೫ರ ಹಾಲೆಂಡ್ ತೋಟಾವು ೧೯೧೨ರದು. ಇದರ ೩೦೦ ಗ್ರೇನಿನ ಗುಂಡು ಜಿಂಕೆಗೆ ಅತಿಯಲ್ಲ, ಆನೆಗೆ ಕೊರತೆಯಲ್ಲ. ಕಾರ್ಡೈಟ್ ಬಿಸಿಲಿಗೆ ಕಾದರೆ ಅದರ ಒತ್ತಡವು ಏರುವುದು. ಹಾರಿದ ತೋಟಾದ ಹಿತ್ತಾಳೆಯು ಉಬ್ಬಿ ನಳಿಗೆಯಲ್ಲಿ ಸಿಕ್ಕಿಕೊಂಡರೆ ಎರಡನೆಯ ಗುಂಡಿಲ್ಲ, ಬೇಟೆಗಾರನೂ ಇಲ್ಲ. ಈ ತೋಟಾದ ಮೈ ಬುಡದಿಂದ ಕೊರಳಿಗೆ ಕ್ರಮವಾಗಿ ಸಣ್ಣಗಾಗುವುದರಿಂದ ಅದು ಸುಲಭವಾಗಿ ಹೊರಬರುವುದು. ಒಂದೇ ಕೋವಿಯನ್ನು ಒಯ್ಯುವವನಿಗೆ ಇದೇ ಸರಿಯೆಂದು ಬಹುಮಂದಿ ಅನುಭವಿಗಳ ಮತ.

ಈ ಆಯ್ಕೆಯೆಲ್ಲ ಬಂದು ಹೋಗುವವರದು. ಸಾವೋ ಸೀಮೆಯ ವಾತ ಎಂಬ ಜನರು ಹಿಂದಿನಿಂದಲೂ ಹಿರಿಯ ಬಿಲ್ಲಿಗೆ ವಿಷ ಬಳಿದ ಬಾಣ ಹೂಡಿ ಆನೆಯನ್ನು ಕೆಡಹುತ್ತಿದ್ದರು. ಆ ವಿಷವನ್ನು ಅಲ್ಲಿಯ ಒಂದು ಮರದಿಂದಲೇ ಕುದಿಸಿ ತೆಗೆಯುವರು. ಬಿಲ್ಲನ್ನು ಎಳೆಯಲು ಇಂಗ್ಲಿಷರ ಹಳೆಯ ಯುದ್ಧದ ಬಿಲ್ಲಿಗೆ ಬೇಕಾದಷ್ಟು ಬಲವು ಬೇಕೆಂದು ಕಂಡವರು ಬರೆದಿದ್ದಾರೆ. ಪರವಾನಗಿಯ ಕಾನೂನು ಬಂದೊಡನೆ ಅವರ ಕುಲವಿದ್ಯೆಯು ಕಳ್ಳಬೇಟೆಯಾಯಿತು; ೧೯೫೦ರ ದಶಕದಲ್ಲಿ ಅವರಲ್ಲಿ ಅನೇಕರನ್ನು ಹಿಡಿದು ಸೆರೆಗೆ ಹಾಕಿದರು. ಕಾಸು ಕೊಟ್ಟು ಕಾಗದ ಪಡೆದವರ ಬೇಟೆಯು ೧೯೭೭ರ ವರೆಗೆ ನಡೆಯಿತು. ಆ ವರ್ಷ ಕೆನ್ಯಾ ಸರಕಾರವು ಅದನ್ನೂ ನಿಲ್ಲಿಸಿತು.

ಇಂಗ್ಲಿಷರ ಭಾರೀ ತೋಟಾಗಳ ತಯಾರಿಕೆಯು ೧೯೬೦ರ ದಶಕದಲ್ಲಿ ನಿಂತುಹೋಯಿತು. ಅವುಗಳ ಸ್ಥಾನಕ್ಕೆ ಅಮೆರಿಕದ ವಿಂಚೆಸ್ಟರ್ ಅವರು ೧೯೫೬ರಲ್ಲಿಯೇ ೪೫೮ ಎಂಬುದನ್ನು ತಂದಿದ್ದರು. ಅಂಕೆಯು ಹೊಸದು, ಆದರೆ ೪೫೦ರ ಗುಂಡನ್ನು ಅಳೆದರೆ ಅದರ ವ್ಯಾಸವೂ ೪೫೮ ಪಾಲೇ. ಅಂಜಿದ ಸರಕಾರವು ಭಾರತವನ್ನು ಬಿಟ್ಟು ಹೋದ ಹತ್ತು ವರ್ಷಗಳೊಳಗಾಗಿ ಹಳೆಯ ಅಳತೆಯೇ ಮರಳಿ ಬಂದಿತ್ತು.

ಇಷ್ಟನ್ನು ನನ್ನ ವಿದ್ಯಾರ್ಥಿಗೆ ಕಾಗದ ಬರೆದು ತಿಳಿಸಿದೆನು. ಮನೆಯಲ್ಲಿ ತೋಟಾಗಳು ಎರಡೇ ಉಳಿದಿವೆಯೆಂದೂ, ಕೋವಿಯನ್ನು ಆ ದೊರೆಯ ಹಿಂದೆ ಹೊತ್ತು ನಡೆಯುತ್ತಿದ್ದವನು ತನ್ನ ಮುತ್ತಾತನೇ ಎಂಬುದನ್ನು ಅಜ್ಜಿಯಿಂದ ಈಗ ಕೇಳಿ ತಿಳಿದೆನೆಂದೂ ಆತನು ಉತ್ತರ ಬರೆದಿದ್ದಾನೆ.