ನೀಲಗಿರಿ ಜಿಲ್ಲೆ

ತಮಿಳುನಾಡಿನ ವಾಯವ್ಯ ಭಾಗದಲ್ಲಿ, ಪೂರ್ವ ಪಶ್ಚಿಮ ಘಟ್ಟಗಳು ಸಂಧಿಸುವೆಡೆ, ಕರ್ನಾಟಕ ಕೇರಳಗಳ ಗಡಿಗೆ ಹೊಂದಿಕೊಂಡಿರುವ ಪರ್ವತಪ್ರದೇಶ. ಆಡಳಿತ ಕೇಂದ್ರ ಉದಕಮಂಡಲ. ಅತ್ಯುನ್ನತ ಶಿಖರ 2,637 ಮೀಟರ್ ಎತ್ತರದ ದೊಡ್ಡಬೆಟ್ಟ. ಉತ್ತರದಲ್ಲಿ ಮೋಯಾರ್ ನದಿಯ ಆಳವಾದ ಕಮರಿಯು ಈ ಜಿಲ್ಲೆಯನ್ನು ಮೈಸೂರು ಸೀಮೆಯಿಂದ ಬೇರ್ಪಡಿಸುವುದು. ನೈಋತ್ಯ ಮಾರುತದ ವರ್ಷಧಾರೆಯನ್ನು ಗೂಡಲೂರಿನ ಇಳಿಜಾರುಗಳು ಹೇರಳವಾಗಿ ಪಡೆಯುವುದರಿಂದ, ಮಳೆಯ ಮರೆಯಲ್ಲಿರುವ ಮಸಿನಗುಡಿಯ ಪಾಲಿಗೆ ಉಳಿದುದು ಬಹುಮಟ್ಟಿಗೆ ಕುರುಚಲು ಕಾಡು.

ಎಮ್ಮೆಗಳನ್ನೇ ಐಶ್ವರ್ಯವೆಂದೂ ಪವಿತ್ರವೆಂದೂ ಭಾವಿಸಿದ ತೋಡರು, ಕಮ್ಮಾರಿಕೆ, ಕುಂಬಾರಿಕೆ ಮತ್ತು ವಾದ್ಯಗಳಲ್ಲಿ ನುರಿತ ಕೋತರು, ಕಾಡನ್ನಾಶ್ರಯಿಸಿದ ಕುರುಂಬರು ಹಾಗೂ ಇರುಳರು ಇಲ್ಲಿಯ ಪ್ರಾಚೀನ ನಿವಾಸಿಗಳು. ಮೈಸೂರು ಸೀಮೆಯಿಂದ ಶತಮಾನಗಳ ಹಿಂದೆ ಬಂದು ನೆಲೆಸಿದರೆನ್ನಲಾದ ಬಡಗರು ಬೇಸಾಯಗಾರರು. ಅವರ ಊರುಗಳಿಗೆ ಹಟ್ಟಿಯೆಂದೇ ಹೆಸರು, ಆರಾಧ್ಯದೇವತೆ ಹೆತ್ತೆ. ಅವರ ನುಡಿಯನ್ನು ಕನ್ನಡದ ಉಪಭಾಷೆಯೆಂದು ಬಹುಕಾಲ ಎಣಿಸಲಾಗುತ್ತಿದ್ದರೂ ಸ್ವತಂತ್ರ ಭಾಷೆಯೆಂಬ ಮತವೇ ಇಂದು ಪ್ರಬಲವಾಗಿದೆ.

1799ರಲ್ಲಿ ಟಿಪ್ಪುವಿನ ಪತನಾನಂತರ ಆಂಗ್ಲರ ವಶವಾದ ಈ ಬೆಟ್ಟಗಳಿಗೆ, ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ಬಂದುದೇ ದೊಡ್ಡ ಪರಿವರ್ತನೆಗೆ ನಾಂದಿಯಾಯಿತು. ಮೇಟ್ಟುಪಾಳಯದಿಂದ ಹೊರಟು, ಕಡಿದಾದ ಏರಿನಲ್ಲಿ ಹಳಿಗಳ ನಡುವಣ ಹಲ್ಲುಪಟ್ಟಿಯನ್ನು ಕಚ್ಚಿ ಏರುವ ರೈಲು 1899ರಲ್ಲಿ ಕೂನೂರನ್ನೂ 1908ರಲ್ಲಿ ಉದಕಮಂಡಲವನ್ನೂ ಮುಟ್ಟಿತು. ಸಾಮೆ, ರಾಗಿಗಳ ಹೊಲಗಳನ್ನು ಆಲೂಗೆಡ್ಡೆ, ಕ್ಯಾರೆಟ್ಟುಗಳೂ ಅನಂತರ ಚಹವೂ ಆಕ್ರಮಿಸಿದವು. ಇಂದಿನ ಆರ್ಥಿಕ ಜೀವನ ಚಹ ಮತ್ತು ಪ್ರವಾಸಿಗಳನ್ನೇ ಬಹುವಾಗಿ ನೆಚ್ಚಿದೆ. ಹಸಿರೆಲೆಯ ಬೆಲೆ ಕುಸಿದಾಗಲೆಲ್ಲ ಸಣ್ಣ ಹಿಡುವಳಿದಾರನೇ ಮೊದಲು ನಲುಗುವನು. 2001ರಲ್ಲಿ 7,62,141 ಇದ್ದ ಜನಸಂಖ್ಯೆ 2011ರ ಗಣತಿಯಲ್ಲಿ 7,35,394ಕ್ಕೆ ಇಳಿಯಿತು.